ಕಸೂತಿ ಕಂಡ ಕವಿತೆಗೆ ಹಸಿವಿದೆಯೇ?

ನೇರಳೆ ಎಂದರೆ ನಮಗೆ ಬಣ್ಣ. ಕಿತ್ತಳೆ ಎಂದರೂ ಬಣ್ಣವೇ. ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತು ‘ಅರಿಶಿನದ್ದು ತಗೀರಿ’, ‘ಬದನಿಕಾಯಿ ಬಣ್ಣದಾಗ ಇಲ್ಲೇನ್ರಿ?’, ‘ಉಳ್ಳಾಗಡ್ಡಿ ಸಿಪ್ಪಿ ಬಣ್ಣ ತೋರಸ್ರಿ’ ಎಂದು ಕೇಳುತ್ತ ಒಂದು ತಾಸಿನಲ್ಲಿ ಇಡೀ ಕಾಯಿಪಲ್ಲೆ ಸಂತೆಯನ್ನೇ ಬಾಯಲ್ಲಿ ಆಡಿಸಿಬಿಡುತ್ತೇವೆ. ಆದರೆ ಯಾರ ಬಾಯಲ್ಲೂ ನೀರೂರುವುದಿಲ್ಲ. ನೇರಳೆ ಎಂದಾಗ ನಾಲಿಗೆ ಒಗರಾಗುವುದಿಲ್ಲ, ಗಂಟಲು ಹಿಡಿಯುವುದಿಲ್ಲ, ಮಕ್ಕಳ ಬಿಳಿ ಅಂಗಿಗೆ ಬಿದ್ದ ಕಲೆ ಉಜ್ಜಿದಷ್ಟೂ ಹರಡಿದ್ದು ನೆನಪಾಗುವುದಿಲ್ಲ. ಭಾಷೆ ಎಂದೋ ಮಾಡಿ ಮುಗಿಸಿದ ಹೋಲಿಕೆಗಳಿವು. ಹಣ್ಣು ಹೋಗಿದೆ, ಬಣ್ಣ ಉಳಿದಿದೆ.

ಬಟ್ಟೆಯ ಕಲೆಗಾರಿಕೆಯನ್ನು ನೋಡಿ ಊಟ ತಿಂಡಿಯ ಕವಿತೆ ಬರೆಯುವವರಿಗೆ ಇದೇ ದೊಡ್ಡ ತೊಡಕು. ಬಟ್ಟೆ ಮೊದಲು ಕಣ್ಣಿಗೆ ಬೀಳುತ್ತದೆ. ಕಣ್ಣು ಒಮ್ಮೆ ಎಲೆಯ ಮುಂದೆ ಕೂತಿತೆಂದರೆ ಮೂಗು, ನಾಲಿಗೆ, ಬೆರಳು ಯಾವುದಕ್ಕೂ ಬಡಿಸಗೊಡುವುದಿಲ್ಲ. ಎಲ್ಲವನ್ನೂ ತಾನೇ ಉಂಡುಬಿಡುತ್ತದೆ.

ಗಾಳಿಯಲ್ಲಿ ಮಾತಾಡುತ್ತಿಲ್ಲ. ನಮ್ಮ ಓದುವ ಬಳಗದ ಹೆಣ್ಣುಮಕ್ಕಳು ಇಂಥದೊಂದು ಪ್ರಯೋಗ ಮಾಡಿದರು. ಅವರವರ ಟ್ರಂಕುಗಳಿಂದ ಇಳಕಲ್ ಸೀರೆ, ಕಸೂತಿ ತೆಗೆದ ಚಂದ್ರಕಾಳಿ, ಲಂಬಾಣಿ ಕೆಲಸದ ಒಂದು ಚೀಲ, ಹಾಸಿ ಹೊದ್ದು ಮಾಸಿದ ಒಂದು ಕೌದಿ ಹೊರಬಂದವು. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ತಿನ್ನುವ ಉಣ್ಣುವ ವಿಷಯವಾಗಿ ಕವಿತೆ ಬರೆಯಬೇಕೆಂಬುದು ಒಪ್ಪಂದ. ಓದಿ ನಾಲ್ಕು ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬಂದ ಕವಿತೆಗಳಲ್ಲಿ ಹೆಚ್ಚಿನವು ಚೆನ್ನಾಗಿದ್ದವು ಎಂದರೆ ಸುಳ್ಳಾದೀತು, ಆದರೆ ಚಂದ ಮಾತ್ರ ಎಲ್ಲವೂ ಇದ್ದವು. ಒಂದರಲ್ಲಿ ಸೆರಗಿನ ಕೆಂಪು ಕುಂಬಳಕಾಯಿಯಾಗಿತ್ತು, ಇನ್ನೊಂದರಲ್ಲಿ ಮೆಣಸಿನಕಾಯಿ ಚಟ್ನಿ. ಅಂಚಿನ ಹಳದಿ ಹೋಳಿಗೆಯಾಯಿತು, ಚಿತ್ರಾನ್ನವಾಯಿತು, ಒಬ್ಬರಿಗೆ ಕೇಸರಿಭಾತೂ ಆಯಿತು. ಕಪ್ಪು ಸೀರೆಯ ಮೇಲಿನ ಬಿಳಿ ಎಳೆ ನಾಲ್ಕು ಜನರಿಗೆ ಎಳ್ಳಿನ ಮೇಲೆ ಚೆಲ್ಲಿದ ಅಕ್ಕಿಯಂತೆ ಕಂಡಿತು. ಓದಿ ಮುಗಿಸಿದಾಗ ಒಂದು ಬಣ್ಣದ ಪಟ್ಟಿ ಕೈಯಲ್ಲಿತ್ತು. ಹೋಳಿಗೆಯ ಮೇಲಿನ ತುಪ್ಪ ಬೆರಳಿಗೆ ತಾಗಲಿಲ್ಲ, ಕಣಕ ಹರಿದು ಹೂರಣ ಹಂಚಿಗೆ ಬಿದ್ದು ಕರಕಲಾದ ವಾಸನೆ ಬರಲಿಲ್ಲ. ಹೋಳಿಗೆ ಮಾಡಿದವರಿಗೆ ಆ ವಾಸನೆ ಬೇಡವೆಂದರೂ ಮೂಗಿನಲ್ಲಿ ಇರುತ್ತದೆ, ಅಲ್ಲವೇ?

ಹೀಗಾಗಬೇಕಿಲ್ಲ. ನಮ್ಮಲ್ಲಿ ನೂಲಿಗೂ ಅಕ್ಕಿಗೂ ಕವಿತೆಯಲ್ಲಿ ಹಳೆಯ ಬಳಕೆಯಿದೆ. 12ನೆಯ ಶತಮಾನದ ವಚನಕಾರ್ತಿಯರಲ್ಲಿ ನೂಲು ತೆಗೆಯುವ ಕದಿರ ರೆಮ್ಮವ್ವೆ ಇದ್ದಾಳೆ, ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ ಇದ್ದಾಳೆ, ಬಿದ್ದ ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಮೊದಲಿನ ಇಬ್ಬರ ವಚನಗಳು ನಮಗೆ ಸಿಕ್ಕಿರುವುದು ಬೆರಳೆಣಿಕೆಯಷ್ಟು. ಅಷ್ಟರಲ್ಲೂ ರೆಮ್ಮವ್ವೆಗೆ ರಾಟೆಯ ಒಂದೊಂದು ಅಂಗವೂ ಮಾತಾಗಿ ಒದಗಿತು. ರಾಟೆ ಕಣ್ಣಿಗೆ ಚಂದ ಕಂಡಿತೆಂದು ಅಲ್ಲ, ದಿನವೂ ಕೈಯಲ್ಲಿ ತಿರುಗುತ್ತಿತ್ತೆಂದು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ. ಅಡುಗೆಯ ವಿಧಾನವನ್ನೇ ಪದ್ಯಕ್ಕೆ ಕೂಡಿಸಿದ ಗಟ್ಟಿಗ ಅವನು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳವನ್ನೇ ಹಚ್ಚಿದರು. ಆ ಜಗಳ ತೀರುವುದು ರೂಪದಿಂದಲ್ಲ, ಆರು ತಿಂಗಳು ಸೆರೆಯಲ್ಲಿಟ್ಟರೂ ಕೆಡದೆ ಉಳಿಯುವುದು ಯಾವುದು ಎಂಬುದರಿಂದ. ಇವರಲ್ಲಿ ಯಾರಿಗೂ ಕಾಳು ಬರಿಯ ಬಣ್ಣವಾಗಿ ಕಾಣಲಿಲ್ಲ.

ಹಾಗಾದರೆ ಬಟ್ಟೆಯಿಂದ ಕವಿತೆಗೆ ಸಿಗುವುದೇನು? ಬಣ್ಣಕ್ಕಿಂತ ಹೆಚ್ಚಾಗಿ ಅದನ್ನು ಮಾಡಿದ ಬಗೆ ಸಿಗುತ್ತದೆ ಎಂಬುದು ನನ್ನ ವಾದ. ನಮ್ಮ ಧಾರವಾಡ ಕಡೆಯ ಕಸೂತಿಯನ್ನೇ ತೆಗೆದುಕೊಳ್ಳೋಣ. ನಾನು ಕಂಡ ಕಸೂತಿ ಸೀರೆಗಳಲ್ಲಿ ಗೋಪುರ, ತೇರು, ತುಳಸಿ ವೃಂದಾವನ, ಅಂಬಾರಿ ಹೊತ್ತ ಆನೆ, ನವಿಲು ಇವೆಯೇ ಹೊರತು ರೊಟ್ಟಿಯಾಗಲಿ ಹೋಳಿಗೆಯಾಗಲಿ ಇಲ್ಲ. ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದವಳು ಸೂಜಿ ಹಿಡಿದು ಕುಳಿತಾಗ ಒಲೆಯನ್ನು ಬರೆಯಲಿಲ್ಲ, ತೇರು ಬರೆದಳು. ಪಾಪ, ಅಷ್ಟು ಹೊತ್ತಾದರೂ ಅಡುಗೆಮನೆಯಿಂದ ಹೊರಗಿರಬೇಕೆನಿಸಿತೋ ಏನೋ! ಆದರೂ ಅಡುಗೆ ಅಲ್ಲಿಗೆ ಹಿತ್ತಲ ಬಾಗಿಲಿನಿಂದ ಬಂದೇ ಬಂತು. ಕಸೂತಿಯ ನಾಲ್ಕು ಹೊಲಿಗೆಗಳು ಗವಂತಿ, ಮುರಗಿ, ನೇಯ್ಗಿ, ಮೆಂತಿ. ನಾಲ್ಕನೆಯದು ನಮ್ಮ ಮೆಂತೆಕಾಳೇ. ಇಳಕಲ್ ಸೀರೆಯ ಟೋಪ ತೆನಿ ಸೆರಗಿನಲ್ಲಿಯೂ ಜೋಳದ ತೆನೆ ನಿಂತಿದೆ. ಅಂದರೆ ಊಟ ಇರುವುದು ಚಿತ್ರದಲ್ಲಲ್ಲ, ಕೆಲಸದ ಹೆಸರಿನಲ್ಲಿ.

ಗವಂತಿಯ ಲೆಕ್ಕ ನೋಡಿ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗಂಟು ಹಾಕುವಂತಿಲ್ಲ. ಹೋಗುವಾಗ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಸಾಗುತ್ತದೆ. ಅರ್ಧ ಗೆರೆ ಕಾಣುತ್ತದೆ, ಅರ್ಧ ಬಿಟ್ಟುಹೋಗುತ್ತದೆ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತ, ಹೋಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುಗಿದಾಗ ಬಟ್ಟೆಯ ಎರಡೂ ಬದಿ ಒಂದೇ ತರಹ. ಯಾವುದು ಒಳಮೈ ಯಾವುದು ಹೊರಮೈ ಎಂದು ಹೇಳಲಾಗದು.

ಈ ಹೋಗಿ ಬರುವುದನ್ನು ಕವಿತೆ ಕಲಿತರೆ ಹೇಗೆ? ದೊಡ್ಡ ಕವಿತೆಯೆಂದು ಹೇಳಿಕೊಳ್ಳುತ್ತಿಲ್ಲ, ಲೆಕ್ಕ ತೋರಿಸಲಿಕ್ಕೆಂದು ನಾನೇ ಕಟ್ಟಿದ ಎಂಟು ಸಾಲು ಕೊಡುತ್ತೇನೆ. ಮೊದಲು ಹೋಗುವ ಎಳೆ:

ಹಿಟ್ಟು ನಾದಿದೆ
ರೊಟ್ಟಿ ಬಡಿದೆ
ಹಂಚಿಗೆ ಹಾಕಿದೆ
ಬುಟ್ಟಿ ತುಂಬಿತು

ಇದರಲ್ಲಿ ಕವಿತೆ ಇಲ್ಲ. ನಿತ್ಯದ ವರದಿ ಇದೆ, ಅಷ್ಟೆ. ಆದರೆ ನಡುನಡುವೆ ಜಾಗ ಇದೆ. ಈಗ ಮರಳಬೇಕು, ಅದೂ ಕೊನೆಯಿಂದ. ಬುಟ್ಟಿ ತುಂಬಿತು ಎಂದ ಮೇಲೆ ಏನಿತ್ತು ಎಂದು ಕೇಳಿಕೊಂಡೆ. ಎಣಿಕೆ ಇತ್ತು. ಎಣಿಸಿದರೆ ಯಾರದೋ ಒಂದು ಕಡಿಮೆ ಬೀಳುತ್ತಿತ್ತು. ಅದು ತಿಳಿದ ಮೇಲೆ ಹಿಂದಿನ ಸಾಲುಗಳ ಜಾಗಕ್ಕೆ ಏನು ಬರಬೇಕೆಂಬುದು ತಾನಾಗಿ ತಿಳಿಯುತ್ತ ಬಂತು:

ಹಿಟ್ಟು ನಾದಿದೆ
ಬಿಸಿನೀರು ಬೆರಳ ಬಿರುಕಿಗೆ ತಾಗಿತು
ರೊಟ್ಟಿ ಬಡಿದೆ
ಪಕ್ಕದ ಮನೆಯಲ್ಲೂ ಅದೇ ಸಪ್ಪಳ
ಹಂಚಿಗೆ ಹಾಕಿದೆ
ಒದ್ದೆ ಅರಿವೆ ಚುಂಯ್ ಎಂದಿತು
ಬುಟ್ಟಿ ತುಂಬಿತು
ಎಣಿಸಿದರೆ ಒಂದು ಕಡಿಮೆ, ನನ್ನದು

ಇಲ್ಲಿ ಬಣ್ಣ ಒಂದೂ ಇಲ್ಲ. ಬಿರುಕು ಚುರುಗುಟ್ಟುವುದಿದೆ, ಸಪ್ಪಳವಿದೆ, ರೊಟ್ಟಿಯ ಮೇಲೆ ನೀರು ಸವರುವ ಅರಿವೆಯಿದೆ. ಆ ಅರಿವೆಯೂ ಬಟ್ಟೆಯೇ ಅಲ್ಲವೇ? ಯಾವುದೋ ಹಳೆಯ ಧೋತರದ ತುಂಡು. ಒಂದು ಮೂಲೆ ಹಂಚಿಗೆ ತಾಗಿ ಕಂದಿರುತ್ತದೆ, ಬೆಂದ ಜೋಳದ ವಾಸನೆ ಅದಕ್ಕೆ ಕಾಯಂ ಹತ್ತಿಬಿಟ್ಟಿರುತ್ತದೆ. ಸೀರೆಯ ಮೇಲಿನ ಗೋಪುರಕ್ಕಿಂತ ಆ ಅರಿವೆಯೇ ನನ್ನನ್ನು ಬೇಗ ಅಡುಗೆಮನೆಗೆ ಎಳೆದೊಯ್ಯುತ್ತದೆ.

ಮೆಂತಿ ಹೊಲಿಗೆಯದು ಬೇರೆ ಕತೆ. ಅಡ್ಡ ಎಳೆಯ ಮೇಲೆ ಅಡ್ಡ ಎಳೆ ಬೀಳುವ, ಜಾಗ ತುಂಬಿಸುವ ಕೆಲಸ ಅದರದು. ದಾರ ಹೆಚ್ಚು ಬೇಡುತ್ತದೆ, ಮೈ ದಪ್ಪಗಾಗುತ್ತದೆ, ಗವಂತಿಯ ಹಾಗೆ ಎರಡೂ ಬದಿ ಒಂದೇ ಆಗಿರುವುದೂ ಇಲ್ಲ. ನಮ್ಮ ಕವಿತೆಗಳಲ್ಲಿ ವಿಶೇಷಣಗಳು ಮಾಡುವ ಕೆಲಸ ಇದೇ. ‘ಘಮಘಮಿಸುವ ಸವಿಸವಿ ರುಚಿರುಚಿಯಾದ ಬಿಸಿಬಿಸಿ’ ಎಂದು ತುಂಬುತ್ತ ಹೋದರೆ ಸಾಲು ದಪ್ಪಗಾಗುತ್ತದೆ, ರುಚಿ ಬರುವುದಿಲ್ಲ. ಮೆಂತೆಯನ್ನು ಒಗ್ಗರಣೆಗೆ ಎಷ್ಟು ಹಾಕಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆರು ಕಾಳು ಹೆಚ್ಚಾದರೆ ಸಾರೆಲ್ಲ ಕಹಿ. ಅಡುಗೆಯಲ್ಲಿ ಇರುವ ಈ ಎಚ್ಚರ ಪೆನ್ನು ಹಿಡಿದಾಗ ಎಲ್ಲಿ ಹೋಗುತ್ತದೋ! ಇನ್ನೊಂದು ಮಾತು: ಆ ಕವಿತೆಗಳ ರಾಶಿಯಲ್ಲಿ ಕಹಿ ಎಂಬ ರುಚಿ ಒಂದೆಡೆಯೂ ಇರಲಿಲ್ಲ. ಹಾಗಲಕಾಯಿ ಇಲ್ಲ, ಮೆಂತೆ ಇಲ್ಲ, ಬಾಣಂತಿಗೆ ಕುಡಿಸುವ ಕಷಾಯ ಇಲ್ಲ. ಎಲ್ಲರೂ ಸಿಹಿ ಉಂಡು ಎದ್ದಿದ್ದರು. ಹೆಂಗಸರು ಬರೆದ ಊಟದ ಕವಿತೆಯಲ್ಲಿ ಕಹಿ ಇಲ್ಲವೆಂದರೆ ಯಾರೋ ಅದನ್ನು ಬಚ್ಚಿಟ್ಟಿದ್ದಾರೆ ಎಂದೇ ನನಗನಿಸುತ್ತದೆ.

ಬಟ್ಟೆಗೆ ವಾಸನೆಯೂ ಇದೆ ಎಂಬುದು ನಮಗೆ ಮರೆತೇಹೋಗಿದೆ. ಆಂಧ್ರದ ಶ್ರೀಕಾಳಹಸ್ತಿ, ಮಚಲಿಪಟ್ಟಣಗಳ ಕಲಂಕಾರಿ ಬಟ್ಟೆಗಳನ್ನು ನಾವು ದೇವರಕೋಣೆಯ ಗೋಡೆಗೂ ಸೋಫಾಕ್ಕೂ ಹಾಕಿಕೊಳ್ಳುತ್ತೇವೆ. ಆ ಬಟ್ಟೆಯನ್ನು ಚಿತ್ರಕ್ಕೆ ಅಣಿಗೊಳಿಸಲು ಅಳಲೆಕಾಯಿಯ ರಸದಲ್ಲಿ, ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಹಾಲಿನ ಜಿಡ್ಡು ಇದ್ದರೆ ಬಣ್ಣ ಹರಡುವುದಿಲ್ಲ. ಕಪ್ಪು ಗೆರೆಗೆ ಬೇಕಾದ ಬಣ್ಣ ಸಿಗುವುದು ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರು ಹಾಕಿ ದಿನಗಟ್ಟಲೆ ಹುಳಿ ಬರಿಸಿದಾಗ. ಹಾಲು, ಬೆಲ್ಲ, ಹುಳಿ: ಪಾಯಸದಿಂದ ಉಪ್ಪಿನಕಾಯಿಯವರೆಗೆ ಅರ್ಧ ಅಡುಗೆಮನೆ ಅಲ್ಲಿಯೇ ಇದೆ. ಅದನ್ನು ನೋಡಿ ‘ನವಿಲಿನ ನೀಲಿ’ ಎಂದು ಬರೆದು ಕೈ ತೊಳೆದುಕೊಂಡರೆ ಹೇಗೆ? ಲಂಬಾಣಿ ಕೆಲಸಕ್ಕಂತೂ ಸಪ್ಪಳವೇ ಇದೆ. ಕನ್ನಡಿ, ಕವಡೆ, ನಾಣ್ಯ ಹೊಲಿದ ಬಟ್ಟೆ ಮೈಮೇಲಿದ್ದಾಗ ಬೀಸಿದರೆ, ಕುಟ್ಟಿದರೆ, ಬಗ್ಗಿ ಬಡಿಸಿದರೆ ಅದೂ ಜೊತೆಗೆ ಮಾತಾಡುತ್ತದೆ. ನಮ್ಮ ಬಳಗದ ಎಲ್ಲರೂ ಆ ಚೀಲದ ಕನ್ನಡಿಗಳಲ್ಲಿ ಮುಖ ನೋಡಿಕೊಂಡರು, ಅದನ್ನೊಮ್ಮೆ ಅಲುಗಿಸಿದವರು ಯಾರೂ ಇಲ್ಲ.

ಇಷ್ಟರ ನಡುವೆ ಒಂದು ಕವಿತೆ ನನ್ನನ್ನು ತಡೆದು ನಿಲ್ಲಿಸಿತು. ಬರೆದವರು ಕವಿತೆಯ ಅಭ್ಯಾಸವೇ ಇಲ್ಲದ ಒಬ್ಬ ಗೃಹಿಣಿ. ಇಳಕಲ್ ಸೀರೆಯನ್ನು ಮುಂದಿಟ್ಟುಕೊಂಡು ಅವರು ಬರೆದದ್ದು ಸೀರೆಯ ಬಗೆಗಲ್ಲ, ಗಂಜಿಯ ಬಗೆಗೆ. ಅನ್ನ ಬಸಿದ ಗಂಜಿಯನ್ನು ಅವರ ತಾಯಿ ತೆಗೆದಿಡುತ್ತಿದ್ದರಂತೆ, ಇದ್ದೊಂದು ಒಳ್ಳೆಯ ಸೀರೆ ಒಗೆದಾಗ ಹಾಕಲಿಕ್ಕೆ. ಗಂಜಿ ಹಾಕಿದ ಸೀರೆಯುಟ್ಟು ಅವ್ವ ನಡೆದು ಬಂದರೆ ಗರಗರ ಸಪ್ಪಳ, ಮಡಿಲಲ್ಲಿ ಮುಖ ಇಟ್ಟರೆ ಬಿಸಿ ಅನ್ನದ ವಾಸನೆ, ಕೆನ್ನೆಗೆ ಒರಟೊರಟು. ಆಮೇಲೊಂದು ವರ್ಷ ಮಳೆ ಬರಲಿಲ್ಲ. ಆ ವರ್ಷ ಅವ್ವನ ಸೀರೆ ಮೆತ್ತಗಾಯಿತು, ಸಪ್ಪಳ ನಿಂತಿತು. ಅಷ್ಟೇ ಕವಿತೆ. ಗಂಜಿ ಎಲ್ಲಿ ಹೋಯಿತು ಎಂದು ಅವರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಮಗ್ಗದ ಮನೆಯಲ್ಲಿ ಹಾಸಿನ ಎಳೆಗಳು ಗಟ್ಟಿಯಾಗಲೆಂದು ಸವರುವುದು ಗಂಜಿ. ಬಡವರ ಹೊಟ್ಟೆಗೆ ಬೀಳುವುದೂ ಗಂಜಿ. ಈ ಒಂದು ಶಬ್ದದಲ್ಲಿ ಬಟ್ಟೆಯೂ ಊಟವೂ ಸೇರಿಕೊಂಡಿದ್ದು ಎಷ್ಟೋ ಕಾಲದಿಂದ ನಮ್ಮ ಕಣ್ಣೆದುರೇ ಇತ್ತು. ಅದನ್ನು ಯಾವ ಉಪಮೆಯ ಸಹಾಯವಿಲ್ಲದೆ ಆ ತಾಯಿ ಎತ್ತಿಕೊಟ್ಟರು. ಬಳಗದಲ್ಲಿ ಓದಿದಾಗ ಒಬ್ಬರು ‘ಇದರಾಗ ಕಲ್ಪನಾ ಏನೈತ್ರಿ? ನಡದದ್ದನ್ನ ಬರದಾರ’ ಎಂದರು. ಕಲ್ಪನೆ ಇರುವುದು ಬಿಟ್ಟ ಜಾಗದಲ್ಲಿ ಎಂದು ನಾನು ಹೇಳಿ ನೋಡಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ, ಅದಿರಲಿ. ಆ ಕವಿತೆಯಲ್ಲಿ ನನಗೆ ಹಿಡಿಸದೇ ಹೋದದ್ದು ಶೀರ್ಷಿಕೆ ಒಂದೇ. ‘ತ್ಯಾಗಮಯಿ’ ಎಂದಿತ್ತು. ‘ಗಂಜಿ ಅಂತ ಇಟ್ಟುಬಿಡ್ರಿ ಅಕ್ಕಾರ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಂದರ ನಮ್ಮ ಮನೀ ಬಡತನ ಅಷ್ಟ ಕಾಣತೈತ್ರಿ, ನಮ್ಮವ್ವ ಕಾಣಂಗಿಲ್ಲ’ ಎಂದರು. ವಿಮರ್ಶೆಯ ದೃಷ್ಟಿಯಿಂದ ನನ್ನ ಮಾತೇ ಸರಿ ಎಂದು ಈಗಲೂ ಅನ್ನುತ್ತೇನೆ. ತ್ಯಾಗ ಎಂಬ ಶಬ್ದ ಬಂದೊಡನೆ ಓದುವವರು ಕೈ ಮುಗಿದು ಮುಂದೆ ಹೋಗಿಬಿಡುತ್ತಾರೆ, ಹಸಿವೆಯ ಹತ್ತಿರ ನಿಲ್ಲುವುದಿಲ್ಲ. ಆದರೆ ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಹೆಣ್ಣಿನ ಕೈಕೆಲಸವನ್ನು, ಅಡುಗೆಯನ್ನು ಗೌರವಿಸಬೇಕೆಂಬ ಆಸೆಯೇ ಕೆಲವೊಮ್ಮೆ ಊಟವನ್ನು ಕವಿತೆಯಿಂದ ಹೊರಗೆ ಹಾಕುತ್ತದೆ. ಕವಿತೆ ಮಾತ್ರ ಅಲ್ಲ, ಕಲೆಯಲ್ಲೂ ಹೀಗಾದದ್ದುಂಟು. ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ 1974ರಿಂದ 1979ರವರೆಗೆ, ಅನೇಕರ ನೆರವು ಪಡೆದು, ‘ದಿ ಡಿನ್ನರ್ ಪಾರ್ಟಿ’ ಎಂಬ ದೊಡ್ಡ ಕೃತಿಯನ್ನು ನಿರ್ಮಿಸಿದರು. ಮುಕ್ಕೋನದ ಆಕಾರದ ಊಟದ ಮೇಜು, ಒಂದೊಂದು ಬದಿ 48 ಅಡಿ. ಪುರಾಣ, ಚರಿತ್ರೆಗಳಿಂದ ಆರಿಸಿದ 39 ಸ್ತ್ರೀಯರಿಗೆ ಅಲ್ಲಿ ಎಡೆ ಹಾಕಿದೆ. ಪ್ರತಿಯೊಬ್ಬಳ ತಟ್ಟೆಯ ಕೆಳಗೂ ಅವಳ ಕಾಲಕ್ಕೆ ತಕ್ಕ ಕಸೂತಿಯ ಹಾಸುವಸ್ತ್ರ. 2007ರಿಂದ ಅದು ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಕಾಯಂ ಆಗಿ ನೆಲೆಸಿದೆ. ನಾನು ನೋಡಿದ್ದು ಚಿತ್ರಗಳಲ್ಲಿ. ಹೆಂಗಸರ ಸೂಜಿದಾರವನ್ನು ವಸ್ತುಸಂಗ್ರಹಾಲಯದ ಒಳಗೆ ಕೂರಿಸಿದ ಆ ದಿಟ್ಟತನಕ್ಕೆ ತಲೆಬಾಗುತ್ತೇನೆ. ಆದರೂ ನಮ್ಮ ಕಡೆಯ ಹೆಂಗಸಿಗೆ ಅನಿಸುವುದನ್ನು ಹೇಳಿಬಿಡುತ್ತೇನೆ: ಅಷ್ಟು ಎಡೆ ಹಾಕಿದ್ದಾರೆ, ಒಂದು ಅಗಳು ಅನ್ನವಿಲ್ಲ. ತಟ್ಟೆಯಲ್ಲಿ ಬಣ್ಣದ ಚಿತ್ರವಿದೆ. ಊಟಕ್ಕೆ ಕರೆದವರಿಗೆ ಹಸಿವಾಗಿರಬಹುದೆಂಬ ಗುಮಾನಿಯೇ ಆ ಮೇಜಿನಲ್ಲಿಲ್ಲ. ಗೌರವಕ್ಕೆಂದು ಹಾಕಿದ ಮೇಜು, ಉಣ್ಣಲಿಕ್ಕಲ್ಲ ಎಂದು ಯಾರಾದರೂ ಹೇಳಿಯಾರು. ಸರಿಯೇ. ಆದರೆ ಊಟದ ಕವಿತೆ ಬರೆಯುವವರು ಆ ಮೇಜಿನಿಂದ ಕಲಿಯಬೇಕಾದ್ದು ಕಡಿಮೆ.

ಅದಕ್ಕಿಂತ ನಮ್ಮ ಉಡಿ ತುಂಬುವುದನ್ನು ನೋಡಿ. ಮೈಸೂರು ಕಡೆಯವರು ಮಡಿಲು ತುಂಬುವುದು ಎನ್ನುತ್ತಾರೆ. ಸೆರಗು ಮುಂದೆ ಚಾಚಿ ನಿಂತವಳಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಎಲೆಯಡಿಕೆ, ಬೆಲ್ಲ, ಮೇಲೊಂದು ಖಣ. ಇಲ್ಲಿ ಬಟ್ಟೆ ಊಟದ ಹಾಗೆ ಕಾಣುತ್ತಿಲ್ಲ, ಊಟವನ್ನು ಹಿಡಿದುಕೊಂಡಿದೆ. ಅಕ್ಕಿ ಬಿದ್ದಾಗ ಸೆರಗು ಜಗ್ಗುತ್ತದೆ, ಮುಷ್ಟಿ ಬಿಗಿಯಾಗುತ್ತದೆ, ನೂಲಿನ ಆಚೆಯಿಂದ ಕಾಳಿನ ತಂಪು ಹೊಟ್ಟೆಗೆ ತಾಗುತ್ತದೆ. ತವರಿನಿಂದ ಹೊರಡುವವಳಿಗೆ ಆ ಭಾರವೇ ಗಂಟಲಿಗೆ ಬರುತ್ತದೆ. ಸೀರೆಯ ನಡುಭಾಗಕ್ಕೆ ನಮ್ಮವರು ಒಡಲು ಎಂದೇ ಹೆಸರಿಟ್ಟಿದ್ದಾರೆ. ಇಳಕಲ್ ಸೀರೆಯಲ್ಲಿ ಆ ಒಡಲಿನ ಹಾಸಿನ ಎಳೆಗಳಿಗೆ ರೇಷ್ಮೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ನಮ್ಮ ಕವಿತೆಗಳು ಸೆರಗನ್ನಷ್ಟೇ ನೋಡಿದವು. ಒಡಲಿನ ಕಡೆ ಹೋದದ್ದು ಆ ಗಂಜಿಯ ಕವಿತೆ ಒಂದೇ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸುವ ಸಂಡಿಗೆಯ ಬಟ್ಟೆ ನಿಮ್ಮೆಲ್ಲರ ಮನೆಯಲ್ಲೂ ಇದ್ದೀತು. ಹರಿದ ಧೋತರ ಅಥವಾ ಅಂಚು ಹೋದ ಹತ್ತಿಯ ಸೀರೆ. ವರ್ಷದ ಉಳಿದ ದಿನ ಮಡಚಿಟ್ಟರೂ ಬಿಚ್ಚಿದೊಡನೆ ಉಪ್ಪು, ಇಂಗು, ಹುಳಿ ಒಟ್ಟಿಗೆ ಮೂಗಿಗೆ ಬರುತ್ತವೆ. ಒಣಗಿದ ಸಂಡಿಗೆ ಬಟ್ಟೆ ಬಿಟ್ಟು ಏಳದಿದ್ದರೆ ಏನು ಮಾಡುತ್ತೇವೆ? ಮುಂದಿನಿಂದ ಕಿತ್ತರೆ ಮುರಿಯುತ್ತದೆ. ಬಟ್ಟೆಯನ್ನು ಬೋರಲು ಹಾಕಿ ಹಿಂದಿನಿಂದ ನೀರು ಚಿಮುಕಿಸುತ್ತೇವೆ, ಇಡಿಯಾಗಿ ಬಿಟ್ಟುಬರುತ್ತದೆ. ಕಲೆಗಾರಿಕೆ ಎಂದು ಯಾರೂ ಕರೆಯದ ಈ ಬಟ್ಟೆಯ ಮೇಲೆ ನೂರಾರು ದುಂಡನೆಯ ಕಲೆಗಳು ಸಾಲಾಗಿ ಮೂಡಿರುತ್ತವೆ. ಕವಿತೆ ಬರೆಯಲು ಅದನ್ನೇ ಏಕೆ ಮುಂದಿಟ್ಟುಕೊಳ್ಳಬಾರದು ಎಂದು ಕೇಳಿದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಹಾಗೆಯೇ ಆ ಮಾಸಿದ ಕೌದಿಯನ್ನೂ ಯಾರೂ ಆರಿಸಿಕೊಂಡಿರಲಿಲ್ಲ. ಬಣ್ಣ ಹೋಗಿತ್ತು, ನೋಡಲಿಕ್ಕೆ ಏನಿತ್ತು ಅದರಲ್ಲಿ! ಆದರೆ ಕೌದಿಗೂ ಊಟಕ್ಕೂ ಇರುವ ನಂಟು ಕಸೂತಿಗೂ ಇಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಕೌದಿ ಹೊಲಿಯಲು ಒಬ್ಬ ಮುದುಕಿ ಬರುತ್ತಿದ್ದಳು. ಮನೆಯ ಹಳೆಯ ಸೀರೆ, ಧೋತರಗಳನ್ನೆಲ್ಲ ಪದರು ಪದರಾಗಿ ಹಾಸಿ, ನಡುಮನೆಯಲ್ಲಿ ಕಾಲು ಚಾಚಿ ಕುಳಿತು, ನಾಲ್ಕೈದು ದಿನ ಹೊಲಿಯುತ್ತಿದ್ದಳು. ಕೊನೆಯ ದಿನ ನಟ್ಟನಡುವೆ ಒಂದು ಅಂಗೈ ಅಗಲದ ಜಾಗ ಬಿಟ್ಟು, ‘ಯವ್ವಾ, ಒಂದು ಚೂರು ರೊಟ್ಟಿ ತಾ’ ಎಂದು ಕೇಳುತ್ತಿದ್ದಳು. ನಾನು ತಂದುಕೊಟ್ಟ ರೊಟ್ಟಿಯ ತುಣುಕನ್ನು ಅಲ್ಲಿ ಇಟ್ಟು, ಮೇಲೊಂದು ತ್ಯಾಪೆ ಹಚ್ಚಿ ಹೊಲಿದುಬಿಡುವಳು. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ಹಸಿದ ಕೌದಿ ಹೊದ್ದು ಯಾರೂ ಮಲಗಬಾರದಂತೆ.

‘ಆ ರೊಟ್ಟಿ ಆಮ್ಯಾಲ ಏನಾಕೈತಿ ಆಯಿ?’ ಎಂದು ಒಮ್ಮೆ ಕೇಳಿದ್ದೆ.

‘ಇರಿವಿ ತಿಂತಾವ’ ಎಂದಳು, ಹಲ್ಲಿನಿಂದ ದಾರ ಕಡಿಯುತ್ತ. ‘ಅವಕ್ಕೂ ಹೊಟ್ಟಿ ಐತೆಲ್ಲ.’